ಹಳೆಯ ಮ್ಯಾಸಿ 135 ಅನ್ನು ಎಳೆತದ ಸ್ಪರ್ಧೆಗೆ ಸಜ್ಜುಗೊಳಿಸಿದ ಕೆಲಸದ ದಾಖಲೆ

ಮೂರು ತಿಂಗಳ ಹಿಂದೆ ಮೊದಲ ಸ್ಪರ್ಧೆಯಲ್ಲಿ 34 ಮೀಟರಿಗೇ ನಿಂತಿದ್ದ ನನ್ನ ಮ್ಯಾಸಿ ಫರ್ಗ್ಯೂಸನ್ 135 ಟ್ರಾಕ್ಟರ್, ಹೋದ ವಾರ ಅದೇ ವರ್ಗದಲ್ಲಿ, ಅದೇ ಸ್ಲೆಡ್ಡನ್ನು (ಮುಂದೆ ಸಾಗಿದಂತೆ ಎಳೆಯಲು ಕಷ್ಟವಾಗುತ್ತ ಹೋಗುವ ಭಾರದ ಬಂಡಿಯನ್ನು) 87.6 ಮೀಟರ್ ಎಳೆಯಿತು. ಪೂರ್ಣ ಎಳೆತಕ್ಕೆ 100 ಮೀಟರ್ ಬೇಕು. ಹಾಗಾಗಿ ಕೆಲಸ ಮುಗಿದಿಲ್ಲ. ಆದರೂ ಈ ನಡುವೆ ಬಿಚ್ಚಿದ್ದು, ಅಳೆದದ್ದು, ತಪ್ಪಿದ್ದು ಎಲ್ಲವನ್ನೂ ನೆನಪು ಮಾಸುವ ಮೊದಲು ಕ್ರಮವಾಗಿ ಬರೆದಿಡುತ್ತಿದ್ದೇನೆ. ಹಳೆಯ ಟ್ರಾಕ್ಟರನ್ನು ಎಳೆತಕ್ಕೆ ಇಳಿಸಲು ಹೊರಟವರು ನಾನು ಮೂರು ವಾರ ವ್ಯರ್ಥ ಮಾಡಿದ ಜಾಗದಲ್ಲಿ ತಾವೂ ಮೂರು ವಾರ ಕಳೆಯಬಾರದು ಎಂಬುದೇ ಈ ದಾಖಲೆಯ ಉದ್ದೇಶ.

135 ಮಾದರಿ ಮೊದಲು ಬಂದದ್ದು 1964ರಲ್ಲಿ, ನನ್ನದು 1968ರದು. ಎಂಜಿನ್ ಪರ್ಕಿನ್ಸ್ ಎಡಿ3.152: ಮೂರು ಸಿಲಿಂಡರ್, 91.4 ಮಿ.ಮೀ. ಬೋರ್ (ಸಿಲಿಂಡರಿನ ಒಳವ್ಯಾಸ), 127 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ), ಒಟ್ಟು ಸುಮಾರು 2.5 ಲೀಟರ್. ಗೇರ್ ಆರು ಮುಂದಕ್ಕೆ, ಎರಡು ಹಿಂದಕ್ಕೆ. ಹಿಂದಿನ ಟಯರ್ 12.4-28. ನಾನು ಇಳಿಯುವ ವರ್ಗದಲ್ಲಿ ಚಾಲಕನೂ ಸೇರಿ ತೂಕ 2000 ಕಿಲೋ ಮೀರುವಂತಿಲ್ಲ, ಸ್ಲೆಡ್ ಕಟ್ಟುವ ಕೊಂಡಿಯ ಎತ್ತರ ನೆಲದಿಂದ 500 ಮಿ.ಮೀ. ದಾಟುವಂತಿಲ್ಲ, ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಹಾಕುವಂತಿಲ್ಲ.

ಹಂತ 1: ಎಂಜಿನ್ ತಪಾಸಣೆ

ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಮೂರೂ ಇಂಜೆಕ್ಟರುಗಳನ್ನು ಕಳಚಿ, ಸ್ಟಾರ್ಟರ್ ಮೋಟರಿನಿಂದಲೇ ತಿರುಗಿಸಿ ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿಯ ಒತ್ತಡ) ಅಳೆದೆ. ಒಂದನೆಯದರಲ್ಲಿ 24 ಬಾರ್, ಎರಡನೆಯದರಲ್ಲಿ 23, ಮೂರನೆಯದರಲ್ಲಿ 17 ಬಂತು. ಮೂರನೆಯ ಪಿಸ್ಟನ್ನನ್ನು ಮೇಲಿನ ತುದಿಗೆ ತಂದು ನಿಲ್ಲಿಸಿ ಇಂಜೆಕ್ಟರ್ ರಂಧ್ರದಿಂದ ಗಾಳಿ ಬಿಟ್ಟಾಗ, ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಬಾಯಲ್ಲಿ ಸ್ಪಷ್ಟವಾಗಿ ಬುಸ್ಸೆಂದು ಕೇಳಿತು. ಆಯಿಲ್ ಹಾಕುವ ಮುಚ್ಚಳದ ಕಡೆಯಿಂದ ಹೆಚ್ಚೇನೂ ಬರಲಿಲ್ಲ. ಅಂದರೆ ಪಿಸ್ಟನ್ ರಿಂಗ್ ಚೆನ್ನಾಗಿತ್ತು, ಎಕ್ಸಾಸ್ಟ್ ವಾಲ್ವ್ ಕೂರುತ್ತಿರಲಿಲ್ಲ. ಹೆಡ್ ಇಳಿಸಿ ಆರೂ ವಾಲ್ವುಗಳನ್ನು ಗ್ರೈಂಡಿಂಗ್ ಪೇಸ್ಟ್ ಹಚ್ಚಿ ಉಜ್ಜಿದೆ; ಮೂರನೆಯ ಎಕ್ಸಾಸ್ಟ್ ವಾಲ್ವ್ ಮಾತ್ರ ಹೊಸದು ಹಾಕಬೇಕಾಯಿತು. ಹೊಸ ಗ್ಯಾಸ್ಕೆಟ್ ಇಟ್ಟು, ಕೈಪಿಡಿಯ ಕ್ರಮದಲ್ಲೇ ಟಾರ್ಕ್ ರೆಂಚಿನಿಂದ ಮೂರು ಸುತ್ತಿನಲ್ಲಿ ಬಿಗಿದೆ. ಎಂಜಿನ್ ತಣ್ಣಗಿರುವಾಗ ವಾಲ್ವ್ ಅಂತರವನ್ನು 0.30 ಮಿ.ಮೀ.ಗೆ ಹೊಂದಿಸಿದೆ. ಮೂರನೆಯ ಸಿಲಿಂಡರ್ 23 ಬಾರಿಗೆ ಬಂತು. ಎರಡು ಇಂಜೆಕ್ಟರುಗಳು ಸಿಂಪಡಿಸುವ ಬದಲು ತೊಟ್ಟಿಕ್ಕುತ್ತಿದ್ದುದರಿಂದ ಅವುಗಳ ನಾಝಲ್ ಬದಲಿಸಿದೆ. ಎಲ್ಲ ಸೇರಿ ಐದು ಸಂಜೆಗಳ ಕೆಲಸ. ಇಲ್ಲಿಯವರೆಗೆ ಮಾಡಿದ್ದರಲ್ಲಿ ಯಾವ ತಪ್ಪೂ ಇಲ್ಲ.

ಹಂತ 2: ಮೊದಲ ಸ್ಪರ್ಧೆ, ಮತ್ತು ನಾನು ತಪ್ಪಾಗಿ ಓದಿದ ಲಕ್ಷಣ

34 ಮೀಟರಿನಲ್ಲಿ ಟ್ರಾಕ್ಟರ್ ನಿಂತಾಗ ಎಂಜಿನ್ನಿನ ಸದ್ದು ಇಳಿಯಲಿಲ್ಲ, ಹಿಂದಿನ ಚಕ್ರಗಳೂ ಸುತ್ತಲಿಲ್ಲ. ಸುಟ್ಟ ವಾಸನೆ ಬಂತು. ಇಷ್ಟು ಸಾಕ್ಷ್ಯ ಕಣ್ಣೆದುರು ಇದ್ದರೂ ನಾನು ಅದನ್ನು ‘ಶಕ್ತಿ ಸಾಲಲಿಲ್ಲ’ ಎಂದು ಓದಿಕೊಂಡೆ. ಎಂಜಿನ್ ಸೋತಿದ್ದರೆ ಅದರ ಸುತ್ತು ಇಳಿಯಬೇಕಿತ್ತು. ಹಿಡಿತ ಸೋತಿದ್ದರೆ ಚಕ್ರ ಸುತ್ತಬೇಕಿತ್ತು. ಎರಡೂ ಆಗದೆ ಗಾಡಿ ನಿಂತರೆ ಜಾರುತ್ತಿರುವುದು ಇವೆರಡರ ನಡುವೆ ಇರುವ ಕ್ಲಚ್ಚೇ. ಈ ಸರಳ ಲೆಕ್ಕವನ್ನು ಆ ದಿನವೇ ಮಾಡಿದ್ದರೆ ಮುಂದಿನ ಮೂರು ವಾರ ಉಳಿಯುತ್ತಿದ್ದವು.

ಬದಲಿಗೆ ನಾನು ಸಿಎವಿ ಡಿಪಿಎ ಡೀಸೆಲ್ ಪಂಪನ್ನು ಬಿಚ್ಚಿ, ಪಂಪ್ ರಿಪೇರಿಯ ಬೆಂಚಿನಲ್ಲಿ ಗರಿಷ್ಠ ಡೀಸೆಲ್ ಪ್ರಮಾಣವನ್ನು ಹೆಚ್ಚು ಮಾಡಿಸಿದೆ. ಹಾಗೆ ಮಾಡಿಸಿದ ನಂತರ ಏನಾಯಿತೆಂದರೆ, ಭಾರ ಬಿದ್ದ ಕೂಡಲೇ ಕಪ್ಪು ಹೊಗೆ ಮುಚ್ಚಿಕೊಂಡಿತು, ಎಕ್ಸಾಸ್ಟಿಗೆ ಅಳವಡಿಸಿದ ಉಷ್ಣತೆಯ ಮೀಟರ್ 680 ಡಿಗ್ರಿ ದಾಟಿತು, ರೇಡಿಯೇಟರ್ ನೀರು ಮುಚ್ಚಳ ಒತ್ತಿಕೊಂಡು ಹೊರಬಂತು. ಎಳೆತ ಮಾತ್ರ ಒಂದು ಮೀಟರ್ ಕೂಡ ಹೆಚ್ಚಲಿಲ್ಲ. ಟರ್ಬೊ ಇಲ್ಲದ ಎಂಜಿನ್ ಒಳಗೆಳೆದುಕೊಳ್ಳುವ ಗಾಳಿ ಅಷ್ಟೇ ಇರುವಾಗ ಹೆಚ್ಚಿನ ಡೀಸೆಲ್ ಸರಿಯಾಗಿ ಉರಿಯದೆ ಹೊಗೆಯಾಗಿ, ಬಿಸಿಯಾಗಿ ಹೋಗುತ್ತದೆ. ಪಂಪನ್ನು ಮತ್ತೆ ಬಿಚ್ಚಿ ಮೂಲ ಪ್ರಮಾಣಕ್ಕೇ ತರಿಸಿದೆ. ಒಟ್ಟು ಖರ್ಚಿನಲ್ಲಿ ಐದನೆಯ ಒಂದು ಪಾಲು ಈ ಎರಡು ಸಲದ ಪಂಪ್ ಕೆಲಸಕ್ಕೇ ಹೋಗಿದೆ.

ಹಂತ 3: ಟ್ರಾಕ್ಟರನ್ನು ಎರಡಾಗಿ ಬಿಡಿಸಿ ಕ್ಲಚ್ ಬದಲಾವಣೆ

ಈ ಮಾದರಿಯಲ್ಲಿ ಕ್ಲಚ್ ಮುಟ್ಟಬೇಕಾದರೆ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ಬೇರ್ಪಡಿಸಲೇಬೇಕು. ಎರಡೂ ಕಡೆಯ ಸ್ಟೇರಿಂಗ್ ರಾಡ್, ವೈರಿಂಗ್, ಆಕ್ಸಿಲರೇಟರ್ ರಾಡ್, ಎಂಜಿನ್ ನಿಲ್ಲಿಸುವ ಕೇಬಲ್, ಮೀಟರಿನ ಕೇಬಲ್ ಇವೆಲ್ಲವನ್ನೂ ಕಳಚಿದೆ. ಮುಂದಿನ ಆಕ್ಸಲ್ ನಡುವಿನ ಪಿನ್ನಿನ ಮೇಲೆ ತೂಗಾಡುವುದರಿಂದ, ಎರಡು ಭಾಗ ಬೇರೆಯಾದ ಕ್ಷಣದಲ್ಲೇ ಎಂಜಿನ್ ಪಕ್ಕಕ್ಕೆ ವಾಲಬಹುದು. ಅದಕ್ಕಾಗಿ ಆಕ್ಸಲ್ ಮತ್ತು ಅದರ ಮೇಲಿನ ಚೌಕಟ್ಟಿನ ನಡುವೆ ಎರಡೂ ಬದಿಗೆ ಗಟ್ಟಿ ಮರದ ಬೆಣೆಗಳನ್ನು ಬಡಿದ ಮೇಲೆಯೇ ಬೋಲ್ಟ್ ಸಡಿಲಿಸಿದೆ. ಗೇರ್‌ಬಾಕ್ಸಿನ ಕೆಳಗೆ ಎರಡು ಸ್ಥಿರ ಸ್ಟ್ಯಾಂಡ್, ಸಂಪಿನ (ಎಂಜಿನ್ ತಳದ ಆಯಿಲ್ ತಟ್ಟೆಯ) ಕೆಳಗೆ ಚಕ್ರವಿರುವ ಜ್ಯಾಕ್, ಅದರ ಮೇಲೆ ಹಲಗೆ. ಹಿಂದಿನ ಭಾಗ ಅಲುಗದಂತೆ ಇಟ್ಟು ಮುಂದಿನ ಭಾಗವನ್ನು 600 ಮಿ.ಮೀ. ಉರುಳಿಸಿದೆ.

ಒಳಗೆ ಕಂಡದ್ದು: ಕ್ಲಚ್ ಪ್ಲೇಟಿನ ರಿವೆಟ್ ತಲೆಗಳಿಗೂ ಲೈನಿಂಗಿನ ಮೇಲ್ಮೈಗೂ 0.3 ಮಿ.ಮೀ. ಮಾತ್ರ ಅಂತರ, ಫ್ಲೈವೀಲಿನ (ಎಂಜಿನ್ನಿನ ಹಿಂತುದಿಯ, ಕ್ಲಚ್ ಒತ್ತಿಕೊಳ್ಳುವ ಭಾರದ ಚಕ್ರದ) ಮೇಲೆ ನೀಲಿ ಸುಟ್ಟ ಕಲೆ, ಅದಕ್ಕೂ ಮಿಗಿಲಾಗಿ ಪ್ಲೇಟಿನ ತುಂಬ ಆಯಿಲ್. ಕ್ರ್ಯಾಂಕ್‌ಶಾಫ್ಟಿನ ಹಿಂದಿನ ಸೀಲ್ ಸೋರುತ್ತಿತ್ತು. ಹೊಸ ಪ್ಲೇಟನ್ನಷ್ಟೇ ಹಾಕಿ ಜೋಡಿಸಿದ್ದರೆ ಕೆಲವೇ ವಾರಗಳಲ್ಲಿ ಅದೂ ಹೀಗೆಯೇ ಆಗುತ್ತಿತ್ತು.

ಈ ಎಂಜಿನ್ನಿನ ಹಿಂದಿನ ಸೀಲ್ ರಬ್ಬರಿನದಲ್ಲ, ಎರಡು ಹೋಳುಗಳ ಹೌಸಿಂಗಿನಲ್ಲಿ ಒತ್ತಿ ಕೂರಿಸುವ ಹಗ್ಗದ ಸೀಲ್. ಮೊದಲ ಸಲ ನಾನು ಹಗ್ಗದ ತುದಿಗಳನ್ನು ಹೌಸಿಂಗಿನ ಅಂಚಿಗೆ ಸಮನಾಗಿ ಕತ್ತರಿಸಿದೆ; ನೋಡಲು ಅಚ್ಚುಕಟ್ಟಾಗಿತ್ತು. ಎಂಜಿನ್ ಇನ್ನೂ ಬೇರ್ಪಟ್ಟಿರುವಾಗಲೇ ಹತ್ತು ನಿಮಿಷ ಓಡಿಸಿ ನೋಡಬೇಕೆಂದು ಹೊಳೆದದ್ದು ಒಳ್ಳೆಯದಾಯಿತು, ಏಕೆಂದರೆ ಎರಡು ಹೋಳು ಕೂಡುವ ಜಾಗದಿಂದಲೇ ಆಯಿಲ್ ಇಳಿಯಿತು. ತುದಿಗಳು ಅಂಚಿಗಿಂತ 0.25ರಿಂದ 0.5 ಮಿ.ಮೀ. ಹೊರಗೆ ಉಳಿದಿರಬೇಕು, ಹೌಸಿಂಗ್ ಬಿಗಿದಾಗ ಅವು ಒಂದನ್ನೊಂದು ಒತ್ತಿಕೊಂಡೇ ಸಂದು ಮುಚ್ಚುತ್ತದೆ. ಎರಡನೆಯ ಸಲ ಹಗ್ಗವನ್ನು ನಡುವಿನಿಂದ ಆರಂಭಿಸದೆ ಎರಡೂ ತುದಿಗಳಿಂದ ಒಳಕ್ಕೆ ಒತ್ತುತ್ತಾ ಬಂದು, ದುಂಡನೆಯ ಕಬ್ಬಿಣದ ಸರಳಿನಿಂದ ಉರುಳಿಸಿ ಕೂರಿಸಿದೆ, ಒಳಮೈಗೆ ಗ್ರಾಫೈಟ್ ಗ್ರೀಸ್ ಸವರಿದೆ. ಅಂದಿನಿಂದ ಒಂದು ತೊಟ್ಟೂ ಇಳಿದಿಲ್ಲ.

ಫ್ಲೈವೀಲಿನ ಮುಖವನ್ನು ಲೇತಿನಲ್ಲಿ 0.4 ಮಿ.ಮೀ. ತೇಯಿಸಿದೆ. ಇದು ಚಕ್ರಕ್ಕೊಂದು, ಪಿಟಿಒಗೊಂದು (ಉಪಕರಣಗಳನ್ನು ತಿರುಗಿಸುವ ಹಿಂದಿನ ಶಾಫ್ಟಿಗೆ) ಎಂದು ಎರಡು ಪ್ಲೇಟ್ ಇರುವ ಕ್ಲಚ್. ಎರಡೂ ಒಂದೇ ನೇರದಲ್ಲಿ ಕೂರಬೇಕು. ನಾನು ಮರದ ಗೂಟವೊಂದನ್ನು ಕಡೆಸಿ ಅದನ್ನೇ ಅಳತೆಗೋಲಾಗಿ ಬಳಸಿದೆ, ಅದು ಭಾರಕ್ಕೆ ಸ್ವಲ್ಪ ಬಗ್ಗಿ ಪ್ಲೇಟ್ ಸುಮಾರು ಒಂದು ಮಿ.ಮೀ. ಕೆಳಗಿಳಿದಿತ್ತು. ನಾಲ್ಕು ಗಂಟೆ ತಳ್ಳಿದರೂ ಎರಡು ಭಾಗ ಕೂಡಲಿಲ್ಲ. ಕೊನೆಯ 15 ಮಿ.ಮೀ. ಅನ್ನು ಬೋಲ್ಟ್ ಬಿಗಿದು ಎಳೆದುಕೊಳ್ಳೋಣ ಎಂಬ ಯೋಚನೆಯೂ ಬಂದಿತ್ತು. ಹಾಗೆ ಮಾಡಿದರೆ ಪ್ಲೇಟಿನ ನಡುಭಾಗವೇ ಬಿರಿಯುತ್ತದೆ. ಯಾರೂ ಹಾಗೆ ಮಾಡಬಾರದು. ಮರುದಿನ ಹಳೆಯ ಗೇರ್‌ಬಾಕ್ಸ್ ಶಾಫ್ಟಿನ ತುಂಡೊಂದನ್ನು ತಂದು ಪ್ಲೇಟುಗಳನ್ನು ಮತ್ತೆ ಕೂರಿಸಿ, ತಲೆ ಕತ್ತರಿಸಿದ 120 ಮಿ.ಮೀ. ಉದ್ದದ ಎರಡು ಬೋಲ್ಟುಗಳನ್ನು ದಾರಿ ತೋರುವ ಗೂಟಗಳಾಗಿ ಹಾಕಿದೆ. ನನ್ನ ತಮ್ಮ ಫ್ಲೈವೀಲನ್ನು ನಿಧಾನವಾಗಿ ತಿರುಗಿಸುತ್ತಿದ್ದಂತೆ ಇಪ್ಪತ್ತು ನಿಮಿಷದಲ್ಲಿ ಎರಡು ಭಾಗ ತಾನಾಗಿ ಕೂಡಿದವು. ಸೀಲ್ ಮತ್ತು ಕ್ಲಚ್ಚಿಗೆ ಒಟ್ಟು ಖರ್ಚಿನ ಐದರಲ್ಲಿ ಎರಡು ಪಾಲು ಹೋಯಿತು, ಸಮಯ ಹನ್ನೊಂದು ದಿನ. ಇಡೀ ಕೆಲಸದಲ್ಲಿ ದೂರವನ್ನು ಅತಿ ಹೆಚ್ಚು ಹೆಚ್ಚಿಸಿದ್ದು ಇದೇ.

ಹಂತ 4: ಕೊಂಡಿ, ಹಿಂದುರುಳು ತಡೆ, ನಿಲುಗಡೆ

ಮೊದಲ ಸ್ಪರ್ಧೆಗೆ ನಾನು ಹೋದದ್ದು ನೇಗಿಲು ಕಟ್ಟುವ ಕೆಳಗಿನ ತೋಳುಗಳ ನಡುವೆ ಅಡ್ಡಪಟ್ಟಿ ಹಾಕಿಕೊಂಡು. ಈ ಟ್ರಾಕ್ಟರಿನ ಹೈಡ್ರಾಲಿಕ್ ಆ ತೋಳುಗಳನ್ನು ಮೇಲಕ್ಕೆ ಎತ್ತಬಲ್ಲದೇ ಹೊರತು ಮೇಲೇಳದಂತೆ ಕೆಳಗೆ ಹಿಡಿದಿಡಲಾರದು. ಎಳೆತದ ನಡುವೆ ಅವು ಮೇಲೆದ್ದು ಎಳೆಯುವ ಬಿಂದು ಹಿಂದಿನ ಆಕ್ಸಲಿನ ನಡುಮಟ್ಟವನ್ನು ದಾಟಿದರೆ ಟ್ರಾಕ್ಟರ್ ಹಿಂದಕ್ಕೆ ಮಗುಚಿಕೊಳ್ಳುತ್ತದೆ. ಆ ದಿನ ಕ್ಲಚ್ ಜಾರಿದ್ದರಿಂದ ಅಪಾಯ ತಪ್ಪಿತೆಂದೇ ನನಗೆ ಈಗ ಅನ್ನಿಸುತ್ತದೆ.

ಹೊಸ ಕೊಂಡಿಯನ್ನು 75×25 ಮಿ.ಮೀ. ಪಟ್ಟಿಯಿಂದ ಮಾಡಿ, ಹಿಂದಿನ ಆಕ್ಸಲ್ ಹೌಸಿಂಗಿನ ಕೆಳಗೆ ಅಲುಗದಂತೆ ಕಟ್ಟಿದೆ. ಕೊಂಡಿಯ ಬಿಂದು ಆಕ್ಸಲಿನ ನಡುವಿನಿಂದ 460 ಮಿ.ಮೀ. ಹಿಂದೆ ಇದೆ. ಮೊದಲ ಪ್ರಯತ್ನದಲ್ಲಿ ಪಟ್ಟಿಯ ಅಂಚನ್ನು ಓರೆಯಾಗಿ ತೇಯದೆ ಹಾಗೆಯೇ ವೆಲ್ಡ್ ಮಾಡಿದ್ದರಿಂದ ಬೆಸುಗೆ ಮೇಲ್ಮೈಯಲ್ಲಷ್ಟೇ ನಿಂತು, ಎರಡನೆಯ ಎಳೆತಕ್ಕೇ ಕೂದಲೆಳೆಯ ಬಿರುಕು ಬಿಟ್ಟಿತು. ಗ್ರೈಂಡರಿನಿಂದ ಹಳೆಯ ಬೆಸುಗೆಯನ್ನು ಪೂರ್ತಿ ತೆಗೆದು, 45 ಡಿಗ್ರಿ ಓರೆ ಮಾಡಿ, ಮೂರು ಪದರವಾಗಿ ತುಂಬಿ, ಎರಡೂ ಬದಿಗೆ 10 ಮಿ.ಮೀ. ದಪ್ಪದ ಮೂಲೆ ಪಟ್ಟಿ ಸೇರಿಸಿದೆ. ಹಿಂದುರುಳು ತಡೆಯ (ಟ್ರಾಕ್ಟರ್ ಹಿಂದಕ್ಕೆ ಮಗುಚದಂತೆ ಹಿಂಬದಿಗೆ ಚಾಚಿದ) ತೋಳುಗಳನ್ನು 60×60×5 ಮಿ.ಮೀ. ಚೌಕ ಕೊಳವೆಯಿಂದ ಮಾಡಿದ್ದೇನೆ, ಅವುಗಳ ಪಾದ ನೆಲದಿಂದ 200 ಮಿ.ಮೀ. ಮೇಲಿದೆ. ಆ ಪಾದಗಳ ಕೆಳಗೇ ಜ್ಯಾಕ್ ಇಟ್ಟು ಹಿಂದಿನ ಚಕ್ರಗಳು ನೆಲ ಬಿಡುವಷ್ಟು ಎತ್ತಿ, ಎಲ್ಲೂ ಬಾಗುವುದಿಲ್ಲವೆಂದು ನೋಡಿಕೊಂಡೆ.

ಸ್ಲೆಡ್ಡಿಗೆ ಕಟ್ಟಿದ ಹಗ್ಗ ಎಳೆದಾಗ ಎಂಜಿನ್ ತಾನಾಗಿ ನಿಲ್ಲಬೇಕು. ಪಂಪಿನ ನಿಲುಗಡೆ ಲಿವರಿಗೆ ಸ್ಪ್ರಿಂಗ್ ಹಾಕಿ, ಅದನ್ನು ಪಿನ್ನಿನಿಂದ ತಡೆದು, ಪಿನ್ನಿಗೆ ಕೇಬಲ್ ಕಟ್ಟಿದೆ. ಪೂರ್ಣ ವೇಗದಲ್ಲಿ ಪರೀಕ್ಷಿಸಿದಾಗ ಎಂಜಿನ್ ನಿಲ್ಲಲೇ ಇಲ್ಲ: ಕೇಬಲಿನ ಹೊರಕವಚವನ್ನು ತಂತಿ ಸುತ್ತಿ ಕಟ್ಟಿದ್ದರಿಂದ, ಎಳೆದಾಗ ಕವಚವೇ ಜರುಗಿ ಪಿನ್ ಅಲ್ಲೇ ಉಳಿಯಿತು. ಕವಚಕ್ಕೆ ಬೋಲ್ಟಿನ ಕ್ಲ್ಯಾಂಪ್ ಹಾಕಿದ ಮೇಲೆ ಹತ್ತು ಸಲ ಎಳೆದೆ, ಹತ್ತೂ ಸಲ ನಿಂತಿತು. ಇದು ಮುಗಿಯುವ ಮುನ್ನವೇ ಭಾರದ ಪರೀಕ್ಷೆಗೆ ಹೊರಟಿದ್ದ ನನ್ನನ್ನು ತಮ್ಮ ತಡೆದಿದ್ದ. ಅವನು ಹೇಳಿದ್ದೇ ಸರಿ.

ಹಂತ 5: ತೂಕ ಮತ್ತು ಟಯರ್

ಇಲ್ಲಿ ಹೆಚ್ಚು ಸಮಯ ಕೊಟ್ಟದ್ದಕ್ಕೆ ನನಗೆ ಬೇಸರವಿಲ್ಲ. ಸ್ಲೆಡ್ ಮುಂದೆ ಸಾಗಿದಂತೆ ಅದರ ಭಾರದ ಪೆಟ್ಟಿಗೆ ಮುಂದಕ್ಕೆ ಬಂದು ನೆಲಕ್ಕೊತ್ತುವ ತಟ್ಟೆಯ ಮೇಲೆ ಕೂರುತ್ತದೆ. ಎಳೆತ ಹೆಚ್ಚಿದಷ್ಟೂ ಟ್ರಾಕ್ಟರಿನ ಮುಂಭಾಗದ ಭಾರ ಹಿಂದಕ್ಕೆ ಹೋಗುತ್ತದೆ. ಎಷ್ಟು ಹೋಗುತ್ತದೆಂಬುದಕ್ಕೆ ನಾನು ಹಿಡಿದ ಲೆಕ್ಕ ಇಷ್ಟೇ: ಎಳೆತವನ್ನು ಕೊಂಡಿಯ ಎತ್ತರದಿಂದ ಗುಣಿಸಿ, ಎರಡು ಆಕ್ಸಲುಗಳ ನಡುವಿನ ದೂರದಿಂದ ಭಾಗಿಸುವುದು. 135ರಲ್ಲಿ ಆ ದೂರ 1830 ಮಿ.ಮೀ. ಆದ್ದರಿಂದ 1700 ಕಿಲೋ ಎಳೆತಕ್ಕೆ 500 ಮಿ.ಮೀ. ಎತ್ತರದಲ್ಲಿ ಸುಮಾರು 464 ಕಿಲೋ ಮುಂದಿನಿಂದ ಹಿಂದಕ್ಕೆ ಸರಿಯುತ್ತದೆ. ಸರಪಳಿ ಕೆಳಮುಖವಾಗಿ ಓರೆಯಾಗಿರುವುದರಿಂದ ಇನ್ನೂ ಸ್ವಲ್ಪ ಹೆಚ್ಚು.

ತೂಕದ ಸೇತುವೆಯ ಮೇಲೆ ಒಂದೊಂದೇ ಆಕ್ಸಲ್ ನಿಲ್ಲಿಸಿ ತೂಗಿದೆ. ಉರುಳು ರಕ್ಷಣೆಯ ಚೌಕಟ್ಟು, ಕೊಂಡಿ, ತೋಳುಗಳೆಲ್ಲ ಸೇರಿ, ಚಾಲಕನಿಲ್ಲದೆ, ಮುಂದೆ 560 ಕಿಲೋ, ಹಿಂದೆ 940. ಚಾಲಕ 75. ಉಳಿದ 425 ಕಿಲೋವನ್ನು ಎಲ್ಲಿಡಬೇಕೆಂಬುದೇ ಪ್ರಶ್ನೆ. ಎಳೆತ ಅಳೆಯಲು 5 ಟನ್ನಿನ ಕ್ರೇನ್ ತಕ್ಕಡಿಯನ್ನು ಸರಪಳಿಯ ನಡುವೆ ಹಾಕಿ, ಹಿಂದೆ ಇದಕ್ಕಿಂತ ಭಾರವಾದ ಟ್ರಾಕ್ಟರನ್ನು ಗೇರಿನಲ್ಲಿಟ್ಟು ಎಳೆದೆ.

ಮೊದಲ ಹೊಂದಿಕೆಯಲ್ಲಿ 43 ಕಿಲೋ ತೂಕದ ನಾಲ್ಕು ಎರಕದ ಬಿಲ್ಲೆಗಳನ್ನು ಹಿಂದಿನ ಚಕ್ರಗಳಿಗೆ ಕಟ್ಟಿ, ಎರಡೂ ಟಯರುಗಳಿಗೆ 124 ಲೀಟರಿನಂತೆ ನೀರು ತುಂಬಿದೆ. ಮುಂದೆ ಏನೂ ಇಲ್ಲ. ತಕ್ಕಡಿ 1780 ಕಿಲೋ ತೋರಿಸಿದಾಗ ಮುಂದಿನ ಚಕ್ರಗಳು ಒಂದು ಗೇಣು ಮೇಲೆದ್ದವು, ಬಿದ್ದವು, ಮತ್ತೆ ಎದ್ದವು. ಹೀಗೆ ಕುಣಿಯುವ ಟ್ರಾಕ್ಟರನ್ನು ನೇರವಾಗಿ ನಡೆಸಲು ಸಾಧ್ಯವಿಲ್ಲ.

ಇದೇ ಹೊಂದಿಕೆಯಲ್ಲಿ ಟಯರ್ ಗಾಳಿಯನ್ನೂ ಪರೀಕ್ಷಿಸಿದೆ. 20 ಪಿಎಸ್‌ಐನಿಂದ (ಗಾಳಿಯ ಒತ್ತಡದ ಅಳತೆ) 12ಕ್ಕೆ ಇಳಿಸಿದಾಗ ಹಿಡಿತ ಹೆಚ್ಚಿದ್ದು ಮಣ್ಣಿನ ಮೇಲಿನ ಗುರುತಿನಲ್ಲೇ ಕಾಣುತ್ತಿತ್ತು. ಅಷ್ಟಕ್ಕೆ ನಿಲ್ಲದೆ 8ಕ್ಕೆ ಇಳಿಸಿದೆ. ಟಯರಿನಿಂದ ರಿಮ್ಮಿನವರೆಗೆ ಸುಣ್ಣದಲ್ಲಿ ಎಳೆದಿದ್ದ ಗೆರೆ ಒಂದೇ ಎಳೆತಕ್ಕೆ 60 ಮಿ.ಮೀ. ಜರುಗಿದ್ದನ್ನು ಕಂಡೂ, ಅಲ್ಲಿಗೇ ನಿಲ್ಲುತ್ತದೆ ಎಂದುಕೊಂಡು ಇನ್ನೊಂದು ಎಳೆತಕ್ಕೆ ಹೋದೆ. ಟಯರ್ ರಿಮ್ಮಿನೊಳಗೆ ಸುತ್ತಿ ಟ್ಯೂಬಿನ ವಾಲ್ವನ್ನು ಬುಡಸಹಿತ ಕಿತ್ತುಹಾಕಿತು, ಒಳಗಿದ್ದ ನೀರೆಲ್ಲ ನೆಲದ ಪಾಲಾಯಿತು. ಗೆರೆ ಎಳೆದದ್ದೇ ಎಚ್ಚರಿಕೆಗೆ. ಅದು ಹೇಳಿದ್ದನ್ನು ಕೇಳದಿದ್ದದ್ದು ನನ್ನ ತಪ್ಪು. ಈಗ 12 ಪಿಎಸ್‌ಐ, ಗೆರೆ ಅಲುಗುವುದಿಲ್ಲ. ನೀರನ್ನು ಎರಡನೆಯ ಟಯರಿನಿಂದಲೂ ತೆಗೆದೆ, ಅದು ಟಯರನ್ನು ಬಿರುಸಾಗಿಸಿ ಕುಣಿತವನ್ನು ಹೆಚ್ಚಿಸುತ್ತಿತ್ತೆಂದು ನನ್ನ ಅಂದಾಜು.

ಎರಡನೆಯ ಹೊಂದಿಕೆಯಲ್ಲಿ ಹೆದರಿಕೆಯಿಂದ ಅತಿ ಮಾಡಿದೆ. ಮುಂದಿನ ಆಕ್ಸಲಿಗಿಂತ 600 ಮಿ.ಮೀ. ಮುಂದೆ 18 ಕಿಲೋದ ಚೌಕಟ್ಟು, ಅದಕ್ಕೆ 25 ಕಿಲೋದ ಎಂಟು ಬಿಲ್ಲೆ; ಹಿಂದಿನ ನಾಲ್ಕು ಎರಕದ ಬಿಲ್ಲೆ ಹಾಗೆಯೇ. ಮುಂದೆ 859 ಕಿಲೋ ಆಯಿತು, ಹಿಂದೆ 1106 ಮಾತ್ರ ಉಳಿಯಿತು, ಏಕೆಂದರೆ ಆಕ್ಸಲಿಗಿಂತ ಮುಂದಿರುವ ಭಾರ ಹಿಂಭಾಗವನ್ನು ಹಗುರಗೊಳಿಸುತ್ತದೆ. ಚಕ್ರಗಳು ಎಲ್ಲೂ ಏಳಲಿಲ್ಲ, ಆದರೆ 1390 ಕಿಲೋ ಎಳೆತಕ್ಕೇ ಹಿಂದಿನವು ಸುತ್ತತೊಡಗಿದವು.

ಮೂರನೆಯದು ಈಗಿನ ಹೊಂದಿಕೆ: ಮುಂದೆ ಚೌಕಟ್ಟು ಮತ್ತು ಎರಡೇ ಬಿಲ್ಲೆ, ಹಿಂದಿನ ಚಕ್ರಗಳಿಗೆ ಒಂದೊಂದು ಬದಿಗೆ ನಾಲ್ಕರಂತೆ ಎಂಟು ಎರಕದ ಬಿಲ್ಲೆ. ಚಾಲಕನೂ ಸೇರಿ ಮುಂದೆ 660, ಹಿಂದೆ 1327, ಒಟ್ಟು 1987 ಕಿಲೋ. ಉಳಿದ 13 ಕಿಲೋವನ್ನು ತಕ್ಕಡಿಗಳ ವ್ಯತ್ಯಾಸಕ್ಕಾಗಿ ಬಿಟ್ಟಿದ್ದೇನೆ. ತಕ್ಕಡಿ 1690 ತೋರಿಸಿದಾಗ ಮುಂದಿನ ಚಕ್ರಗಳು ಮಣ್ಣನ್ನು ಸವರುತ್ತಿದ್ದವು, ಸ್ಟೇರಿಂಗ್ ಇನ್ನೂ ಮಾತು ಕೇಳುತ್ತಿತ್ತು. ಮೊದಲನೆಯದಕ್ಕಿಂತ 90 ಕಿಲೋ ಕಡಿಮೆ, ಆದರೆ ಕೊನೆಯವರೆಗೂ ಒಂದೇ ಸಮನೆ ಸಿಗುವ ಎಳೆತ.

ಗಾಳಿ ಇಳಿಸಿದ ಮೇಲೆ ಕೊಂಡಿಯ ಎತ್ತರವೂ 500ರಿಂದ 486 ಮಿ.ಮೀ.ಗೆ ಇಳಿದಿತ್ತು, ಅದನ್ನು ಗಮನಿಸಿದ್ದು ತಡವಾಗಿ. ತಟ್ಟೆ ಸೇರಿಸಿ 498ಕ್ಕೆ ತಂದೆ. ಎತ್ತರವನ್ನು ಸ್ಪರ್ಧೆಯ ಗಾಳಿ, ಸ್ಪರ್ಧೆಯ ತೂಕ ಎರಡೂ ಇರುವಾಗಲೇ ಅಳೆಯಬೇಕು.

ಹಂತ 6: ಗೇರ್ ಆಯ್ಕೆ

2000 ಸುತ್ತಿನಲ್ಲಿ 20 ಮೀಟರ್ ದಾಟಲು ಲೋ ಮೂರಕ್ಕೆ (ನಿಧಾನದ ಸಾಲಿನ ಮೂರನೆಯ ಗೇರ್) 12.5 ಸೆಕೆಂಡ್, ಹೈ ಒಂದಕ್ಕೆ (ವೇಗದ ಸಾಲಿನ ಮೊದಲ ಗೇರ್) 8.6 ಸೆಕೆಂಡ್ ಬೇಕಾಯಿತು. ಹೈ ಒಂದರಲ್ಲಿ ಆರಂಭದ ರಭಸ ಚೆನ್ನಾಗಿದ್ದರೂ ಭಾರ ಏರುತ್ತಿದ್ದಂತೆ ಎಂಜಿನ್ ಉಸಿರುಗಟ್ಟಿ ನಿಂತಿತು. ಲೋ ಮೂರರಲ್ಲಿ ಎಂಜಿನ್ ಸೋಲುವುದೂ ಚಕ್ರ ಸುತ್ತುವುದೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಅದನ್ನೇ ಉಳಿಸಿಕೊಂಡೆ.

ಈಗಿನ ಸ್ಥಿತಿ

ಹೋದ ವಾರದ 87.6 ಮೀಟರಿನಲ್ಲಿ ಎಂಜಿನ್ನಿನ ಸುತ್ತು ಇಳಿಯಿತು, ಎರಡೂ ಚಕ್ರ ಒಟ್ಟಿಗೆ ಸುತ್ತಿದವು, ಕ್ಲಚ್ ಜಾರಲಿಲ್ಲ. ಮನೆಗೆ ತಂದು ನೋಡಿದಾಗ ಬಲಗಡೆಯ ಬ್ರೇಕ್ ಡ್ರಮ್ಮಿನ ಕೆಳಗಿನಿಂದ ಗೇರ್ ಆಯಿಲ್ ಇಳಿದಿತ್ತು. ಆ ಬದಿಯ ಹಾಫ್ ಶಾಫ್ಟಿನ (ಚಕ್ರ ತಿರುಗಿಸುವ ಶಾಫ್ಟಿನ) ಸೀಲ್ ಹೋಗಿದೆ, ಬ್ರೇಕ್ ಲೈನಿಂಗ್ ನೆನೆದಿದೆ. ಚಕ್ರಗಳಿಗೆ ಕಟ್ಟಿದ ಹೆಚ್ಚಿನ ಬಿಲ್ಲೆಗಳ ಭಾರದಿಂದ ಬೇರಿಂಗ್ ಸಡಿಲಾಗಿದೆಯೋ, ಹಳೆಯ ಸೀಲೇ ಸವೆದಿದೆಯೋ ಎಂಬುದು ಶಾಫ್ಟ್ ಹೊರಗೆಳೆದು ಸಡಿಲ ಅಳೆಯುವ ಡಯಲ್ ಗೇಜ್ ಇಟ್ಟ ಮೇಲೆ ತಿಳಿಯಲಿದೆ. ಟ್ರಾಕ್ಟರ್ ಈಗ ಸ್ಟ್ಯಾಂಡಿನ ಮೇಲಿದೆ, ಬಲಗಡೆಯ ಚಕ್ರ ಕಳಚಿದ್ದೇನೆ, ಡ್ರಮ್ಮಿನ ಎರಡು ಸ್ಕ್ರೂಗಳು ತುಕ್ಕು ಹಿಡಿದು ಕದಲುತ್ತಿಲ್ಲ. ಅವುಗಳಿಗೆ ಎಣ್ಣೆ ಬಿಟ್ಟು ನಾಳೆಗೆ ಕಾಯುತ್ತಿದ್ದೇನೆ.